ಎಡಗೈಲೆ ಬಡಿದ ರೊಟ್ಟಿ

ನಮ್ಮತ್ತಿ ಬದುಕಿರೋತನಕ, ಆಳಂದದ ಓಣ್ಯಾಗ ಯಾರಾದ್ರೂ "ನಿಮ್ಮ ಸಣ್ಣ ಸೊಸಿ ಏನ್ ಮಾಡ್ತಾಳ್ರಿ?" ಅಂತ ಕೇಳಿದ್ರ ಒಂದೇ ಉತ್ತರ ಕೊಡ್ತಿದ್ದರು. "ಏನಿಲ್ಲವ್ವ, ಖಾಲಿ ಅದಾಳ, ಬರಕೋತ ಕೂಡತಾಳ." ನನಗ ಮೈಯೆಲ್ಲ ಉರೀತಿತ್ತು. ಖಾಲಿ ಇರೋದೂ ಬರೆಯೋದೂ ಅವರ ಲೆಕ್ಕದಾಗ ಒಂದೇ. ಅವರೊಬ್ಬರನ್ನ ಅಂದು ಏನು ಉಪಯೋಗ, ಇಡೀ ಓಣಿ ಹಂಗೇ ತಿಳಕೊಂಡಿತ್ತು. ಆಫೀಸಿಲ್ಲ, ಪಗಾರಿಲ್ಲ, ಮುಂಜಾನೆ ಡಬ್ಬಿ ಕಟಗೊಂಡು ಹೊರಡೋದಿಲ್ಲ. ಹಂಗಾಗಿ ಯಾರದರ ಜೋಡಿ ದವಾಖಾನಿಗೆ ಹೋಗಬೇಕಂದ್ರ ನಾನು, ಯಾರದರ ಲಗ್ನದ ಕಾರ್ಡಿಗೆ ನಾಕು ಸಾಲು ಬೇಕಂದ್ರ ನಾನು, ರೇಷನ್ ಸಾಲಿನ್ಯಾಗ ನಿಲ್ಲಾಕೂ ನಾನು.

ಖರೇ ಹೇಳಬೇಕಂದ್ರ, ಯಾರ ನೌಕರಿಯೂ ಇಲ್ಲದ ಬರಹಗಾರ್ತಿಗೆ ಖಾಲಿ ಹೊತ್ತಿನಷ್ಟು ಅಂಜಿಕಿ ಬ್ಯಾರೆ ಯಾವುದರದೂ ಇಲ್ಲ. ಕೆಲಸ ಬಂದ್ರ ಒಮ್ಮೆಲೇ ಬರ್ತಾವ. ಬೀಜದ ಕಂಪನಿಯವರ ಹಿಂದಿ ಕರಪತ್ರ ಕನ್ನಡಕ್ಕ ಮಾಡಬೇಕು, ರೇಡಿಯೋಕ್ಕ ಒಂದು ಮಾತುಕತಿ ಬರೀಬೇಕು, ಯಾರೋ ನಿವೃತ್ತ ಹೆಡ್‌ಮಾಸ್ತರರ ಅಭಿನಂದನ ಗ್ರಂಥ ತಿದ್ದಬೇಕು. ಆಮ್ಯಾಲ ಒಮ್ಮೆಲೇ ನಿಂತುಬಿಡ್ತಾವ. ಆ ದಿನಗಳಾಗ ಫೋನು ಸುಮ್ಮನಿರ್ತದ, ನನ್ನ ಎದಿ ಸುಮ್ಮನಿರೂದಿಲ್ಲ. ಅದಕ್ಕ ನಾ ಒಂದು ಹಟ ಹಿಡಿದಿದ್ದೆ, ಒಂದು ಗಳಿಗಿ ಪುರಸೊತ್ತೂ ಹಾಳು ಮಾಡಬಾರದು ಅಂತ. ಹಾಲು ಉಕ್ಕೋತನಕ ಎರಡು ಸಾಲು, ಬಸ್ ಬರೋತನಕ ಒಂದು ಪ್ಯಾರಾ, ಕುಕ್ಕರಿನ ಸೀಟಿ ನಡುವ ಒಂದು ತಲಿಬರಹ. ಕಿರಾಣಿ ಅಂಗಡಿಯ ನನ್ನ ಗಂಡ ನಗ್ತಿದ್ದರು. ಯಮ ಬಂದ್ರ ಅವನನ್ನೂ ಕಟ್ಟಿಮ್ಯಾಲ ಕುಂದ್ರಿಸಿ, ಇದೊಂದು ಸಾಲು ಮುಗಿಸಿ ಬರ್ತೇನಿ ತಡಿಯಪ್ಪಾ ಅಂತೀ ನೀ, ಅಂತಿದ್ದರು. ನನಗ ಅದು ಹೊಗಳಿಕಿ ಅನಿಸ್ತಿತ್ತು.

ಆ ಹಟ ಒಬ್ಬ ಹೆಣ್ಣುಮಗಳ ಜೀವಕ್ಕ ಬರೋದರಾಗಿತ್ತು. ಅದನ್ನ ಇಷ್ಟು ವರ್ಷ ಬರೀಲಿಲ್ಲ. ಈಗ ಯಾರ ಒಪ್ಪಿಗಿ ಬೇಕಿತ್ತೋ ಅವರದು ಸಿಕ್ಕದ, ಬರೀತೇನಿ. ಹೆಸರು ಮಾತ್ರ ಯಾರದೂ ಹಾಕೂದಿಲ್ಲ.

ನನ್ನ ಗಂಡನ ಅಣ್ಣನ ಹೆಂಡತಿ, ಅಂದ್ರ ನಮ್ಮ ನೆಗೆಣ್ಣಿ, ಕಿಣ್ಣಿ ಸುಲ್ತಾನ ಊರಿನ ಹೆಣ್ಣುಮಗಳು. ನಾ ಆಕಿಗೆ ಅಕ್ಕಾ ಅಂತೇನಿ. ನಮ್ಮದು ಒಂದೇ ಮನಿ, ಒಂದೇ ಒಲಿ. ಆ ವರ್ಷ ಆಕಿ ಮಗಳ ಲಗ್ನ ಅಫಜಲಪುರ ತಾಲೂಕಿನ ಕರಜಗಿಯ ಒಂದು ಮನಿತನಕ್ಕ ಗಟ್ಟಿಯಾಗಿತ್ತು. ನೀರಾವರಿ ಹೊಲ, ಕಬ್ಬು, ಮಂದಿ ಛಲೋ. ಲಗ್ನ ಅಂದ್ರ ನಮ್ಮ ಕಡೆ ಎಲ್ಲಕ್ಕಿಂತ ಮೊದಲು ಶುರು ಆಗೋದು ಖಡಕ್ ರೊಟ್ಟಿ. ಮಧ್ಯಾಹ್ನದ ಊಟ ಆತಂದ್ರ ಓಣಿ ಹೆಣ್ಣುಮಕ್ಕಳು ತಮ್ಮ ತಮ್ಮ ಹಲಗಿ ಹಿಡಕೊಂಡು ನಮ್ಮ ಹಿತ್ತಲಕ್ಕ ಬಂದು ಕುಂದರತಿದ್ದರು. ಎಲ್ಲರೂ ಖಾಲಾ ಅಂತ ಕರಿಯೋ ಬಾಜೂ ಮನಿ ಮುಸಲ್ಮಾನ ಹೆಣ್ಣುಮಗಳು ಹಂಚಿನ ಮುಂದ. ಬಡಿಯೋದು, ಬೇಯಿಸೋದು, ಆರಿಸೋದು, ಒಟ್ಟೋದು. ಸಂಜೀತನಕ ಇದೇ ನಡೀತಿತ್ತು.

ಯಾವ ರೊಟ್ಟಿ ಯಾರು ಬಡದಾರ ಅಂತ ನಮ್ಮಲ್ಲಿ ಯಾರೂ ಕೇಳೂದಿಲ್ಲ. ಅಂಚು ನೋಡಿದ್ರ ಗೊತ್ತಾಗ್ತದ. ಖಾಲಾಂದು ಹಾಳಿಯಂಗ ತೆಳ್ಳಗ. ಅಕ್ಕಂದು ಸುತ್ತಲೂ ಒಂದೇ ಸಮ, ಬೆರಳಿನ ಗುರುತು ಬಲಕ್ಕ ವಾಲಿ ಸಾಲಾಗಿ ಬಿದ್ದಿರ್ತಾವ. ನಂದು ಎಲ್ಲೆರ ಒಂದು ಕಡೆ ಸೀಳಿರಬೇಕು, ಇಲ್ಲಂದ್ರ ಅದು ನಂದಲ್ಲ. ಖಾಲಾ ರಾಶಿಯಾಗಿಂದ ಅದನ್ನೇ ಹೆಕ್ಕಿ ಎತ್ತಿ ಎಲ್ಲರಿಗೂ ತೋರಿಸಿ, ನೋಡ್ರಿ, ಬರಿಯಾಕಿ ರೊಟ್ಟಿ ಬಂತು ಅಂತಿದ್ದಳು. ಎಲ್ಲರೂ ನಗ್ತಿದ್ದರು, ನಾನೂ ನಗ್ತಿದ್ದೆ.

ಒಳಗ ಮಾತ್ರ ಉರೀತಿದ್ದೆ. ಯಾಕಂದ್ರ ಅದೇ ಹೊತ್ತಿಗೆ ಕಲಬುರಗಿಯ ಒಂದು ಪತ್ರಿಕಾದ ರವಿವಾರದ ಪುರವಣಿ ನೋಡಿಕೊಳ್ಳೋ ಸಾಹೇಬರು ನನಗ ಒಂದು ಮಾತು ಕೊಟ್ಟಿದ್ದರು. ಹೆಣ್ಣುಮಕ್ಕಳ ಬದುಕಿನ ಮ್ಯಾಲ ಒಂದಿಷ್ಟು ಲೇಖನ ಬರೀರಿ ಮೇಡಂ, ಹಿಡಿಸಿದ್ರ ವಾರಾ ವಾರಾ ನಿಮಗೊಂದು ಕಾಯಂ ಜಾಗಾ ಅಂತ. ಕಾಯಂ ಅನ್ನೋ ಮಾತು ನನ್ನ ಬಾಳಿನಾಗ ಅಲ್ಲೀತನಕ ಬಂದೇ ಇರಲಿಲ್ಲ. ಬರೆದು ಕಳಿಸಿದ್ದು ಹಾಕಿದ್ದರು, ಇನ್ನೊಂದು ಛಲೋ ಕೊಟ್ರ ಜಾಗಾ ನಂದು. ಅಂಥಾದ್ರಾಗ ನನ್ನ ಮಧ್ಯಾಹ್ನ ಎಲ್ಲಾ ಹಿಟ್ಟಿನಾಗ ಹೋಗಾಕತ್ತಿದ್ದವು. ತಲಿ ಓಡಿಸಿದೆ. ಕೈ ಹಿಟ್ಟಿನಾಗ ಇದ್ರೇನಾತು, ಬಾಯಿ ಖಾಲಿ ಅದ ಅಲ್ಲ? ಬಡಿಯಾಕ ಕೂಡೋ ಮೊದಲು ಫೋನಿನಾಗ ರೆಕಾರ್ಡಿಂಗ್ ಹಚ್ಚಿ ಗೋಡಿ ಗೂಡಿನಾಗ ಇಡೋದು, ರೊಟ್ಟಿ ಬಡಕೋತ ಬಾಯಿಲೇ ಲೇಖನ ಹೇಳೋದು. ಸಾಹೇಬರಿಗೂ ಇದು ಸೇರಿತು. ಧ್ವನೀನೇ ಕಳಿಸ್ರಿ, ಟೈಪ್ ಮಾಡಾಕ ನಮ್ಮಲ್ಲಿ ಮಂದಿ ಅದಾರ ಅಂದರು.

ಮೊದಲ ದಿನ ಹೆಣ್ಣುಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರು. ಆಮ್ಯಾಲ ಗೂಡಿನಾಗಿನ ಫೋನು ಅವರಿಗೆ ಎಣ್ಣಿ ಬಾಟಲಿಯಷ್ಟೇ ಆತು, ಅದು ಅಲ್ಲಿ ಅದ ಅನ್ನೋದನ್ನೇ ಮರತರು. ಒಂದು ತೊಡಕು ಮಾತ್ರ ಇತ್ತು. ಒಮ್ಮೆ ಕೈಗೆ ಹಿಟ್ಟು ಹತ್ತಿದ ಮ್ಯಾಲ ಆ ಮುದ್ದಿ ಹಿಟ್ಟು ತೀರೋತನಕ ಎದ್ದು ಬಂದ್ ಮಾಡಾಕ ಆಗ್ತಿರಲಿಲ್ಲ, ಹಂಗೇ ಓಡ್ತಿತ್ತು.

ಒಂದು ದಿನ ಓಣ್ಯಾಗ ಯಾರೋ ಬಸುರಿಯ ಕುಬಸದ ಕಾರ್ಯ ಇತ್ತು, ಎಲ್ಲರೂ ಅಲ್ಲಿ ಹೋಗಿದ್ದರು. ಹಲಗಿ ಮುಂದ ನಾನೂ ಅಕ್ಕನೂ ಇಬ್ಬರೇ. ನಾ ಜ್ವಾಳದ ಬಗ್ಗೆ ಏನೋ ಶುರು ಮಾಡಿದ್ದೆ, ಮಾತು ಹತ್ತಲಿಲ್ಲ, ಸುಮ್ಮನಾದೆ. ಸ್ವಲ್ಪ ಹೊತ್ತಿನ ಮ್ಯಾಲ ಅಕ್ಕ ತಾನಾಗೇ ಮಾತು ತಗದಳು. ಈ ಸರತಿ ಮನಸಿಗೆ ಸಮಾಧಾನ ಅದ, ಜೇವರ್ಗಿಯಂಗ ಆಗಲಿಕ್ಕಿಲ್ಲ ಅಂದಳು.

ಜೇವರ್ಗಿಯ ವಿಷಯ ನಮ್ಮ ಮನ್ಯಾಗ ಯಾರೂ ಎತ್ತತಿರಲಿಲ್ಲ. ಎರಡು ವರ್ಷದ ಹಿಂದ ಇದೇ ಹುಡುಗಿಗೆ ಜೇವರ್ಗಿ ಕಡೆ ಒಂದು ಸಂಬಂಧ ಕೂಡಿತ್ತು. ನಮ್ಮ ಭಾವ, ಅಂದ್ರ ಅಕ್ಕನ ಗಂಡ, ಮಾತು ಕೊಟ್ಟು ಬಂದಿದ್ದರು. ಆಮ್ಯಾಲ ಮನಿ ನೋಡಾಕ ಅಂತ ಅಕ್ಕನೂ ಹೋದಳು. ತಿರುಗಿ ಬಂದ ನಾಕು ದಿನಕ್ಕ, ಅವರು ಒಲ್ಲೆ ಅಂದರು ಅನ್ನೋ ಸುದ್ದಿ. ಭಾವನವರಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಎಷ್ಟೋ ದಿನ ಚಾವಡಿ ಕಡೆ ಹೋಗಲಿಲ್ಲ, ಮಗಳ ಮುಖ ನೋಡಿದ್ರ ಕಣ್ಣು ತಪ್ಪಸತಿದ್ದರು. ಕರಜಗಿಯವರಿಗೂ ಇದನ್ನ ನಾವು ಹೇಳಿರಲಿಲ್ಲ.

ಅವರು ಒಲ್ಲೆ ಅನ್ನಲೇ ಇಲ್ಲ ಅಂತ ಅಕ್ಕ ಅವತ್ತು ಹೇಳಿದಳು. ಮನಿ ನೋಡಾಕ ಹೋದ ದಿನ ಗಂಡಸರು ಪಡಸಾಲ್ಯಾಗ ಕುಂತಿದ್ದರಂತ. ಆ ಮನಿ ಯಜಮಾನ, ಹುಡುಗನ ಅಪ್ಪ, ಇದೇ ಕಲಬುರಗಿಯ ಪೇಪರ್ ಜೋರಾಗಿ ಓದಿ ಎಲ್ಲರಿಗೂ ಕೇಳಸ್ತಿದ್ದ. ದಿನಾ ಓದತಾನ, ಜಾಹೀರಾತು ಸುದ್ದಾ ಬಿಡೂದಿಲ್ಲ, ಓದಿ ಮುಗಿಸೋತನಕ ಹೆಂಡತಿ ಚಹಾದ ಕಪ್ಪು ಹಿಡಕೊಂಡು ಬಾಜೂಕ ನಿಂತಿರಬೇಕು. ಅಕ್ಕ ಒಳಗ ಅಡಗಿ ಮನ್ಯಾಗ ಹೋದ್ರ ಆ ಹೆಣ್ಣುಮಗಳು ಎಡಗೈಲೆ ರೊಟ್ಟಿ ಬಡಿಯಾಕತ್ತಿದ್ದಳು. ಎಡಚಿ ಏನ್ರಿ ಅಂತ ಅಕ್ಕ ಸಹಜ ಕೇಳಿದಳು. ಆಕಿ ಬಲಗೈಯ ಬಳಿಗಳನ್ನ ಹಿಂದ ಸರಿಸಿ ಸುಟ್ಟ ಮುಂಗೈ ತೋರಿಸಿದಳು. ಒಂದು ದಿನ ರೊಟ್ಟಿ ಕಪ್ಪಾಗಿತ್ತಂತ. ಗಂಡ ಆ ಕೈ ಹಿಡಿದು ಹಂಚಿಗೆ ಒತ್ತಿದ್ದ. ಕೈ ವಾಸಿಯಾತು, ಬೆರಳು ಮೊದಲಿನಂಗ ಮಡಚಲಿಲ್ಲ.

"ನಿಮ್ಮ ಮಗಳನ್ನ ಈ ಮನಿಗೆ ಕೊಡಬ್ಯಾಡ್ರಿ," ಅಂದಳಂತ. "ನನ್ನ ಮಗ ಕೆಟ್ಟವ ಅಲ್ಲ, ಖರೇ ಅವನೂ ಅಪ್ಪನ ಎದುರು ನಿಲ್ಲೂದಿಲ್ಲ."

ಗಂಡಸರು ಮಾತು ಕೊಟ್ಟಾಗಿತ್ತು, ಹೆಂಗಸರು ಬ್ಯಾಡಂದ್ರ ಯಾರು ಕೇಳ್ತಾರ? ಅಲ್ಲೇ ಒಲಿ ಮುಂದ ಇಬ್ಬರು ತಾಯಂದಿರೂ ಕೂಡಿ ಒಂದು ಹಂಚಿಕಿ ಹಾಕಿದರು. ಅವರು ಒಲ್ಲೆ ಅಂದರು ಅಂತ ಅಕ್ಕ ಇಲ್ಲಿ ಹೇಳೋದು, ಇವರು ಒಲ್ಲೆ ಅಂದರು ಅಂತ ಆಕಿ ಅಲ್ಲಿ ಹೇಳೋದು. ಸುದ್ದಿ ತಂದವರು ಯಾರೋ ದೂರದ ಸಂಬಂಧಿ ಹೆಣ್ಣುಮಕ್ಕಳು ಅಂದ್ರಾತು. ಎರಡೂ ಕಡೆ ಗಂಡಸರು ಸಿಟ್ಟಾಗ್ತಾರ, ಖರೇ ಮೀಸಿಮ್ಯಾಲಿನ ಕೈ ತಗದು ಫೋನ್ ಹಚ್ಚಿ, ಯಾಕ್ರಿ ಒಲ್ಲೆ ಅಂದ್ರಿ ಅಂತ ಒಬ್ಬರೂ ಕೇಳೂದಿಲ್ಲ. ಆದದ್ದೂ ಹಂಗೇ. ಎರಡು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಬೈಕೋತ ಕುಂತರು, ಕೇಳಲಿಲ್ಲ. ಗಂಡನ ಅವಮಾನ ದಿನಾ ನೋಡಿದೆ, ಆದ್ರೂ ನಾ ಹೇಳಲಿಲ್ಲ, ಹೇಳಿದ್ರ ಆ ಮಾತು ಜೇವರ್ಗಿ ಮುಟ್ಟತದ ಅಂದಳು ಅಕ್ಕ. ಅಂದು ಕಣ್ಣು ಒರಸಿಕೊಂಡಳು. ಗಲ್ಲಕ್ಕ ಹಿಟ್ಟು ಹತ್ತಿತು.

ನಡುವ ಎಲ್ಲೋ ನನಗ ಗೂಡಿನಾಗಿನ ಫೋನು ನೆನಪಾಗಿತ್ತು. ಎದ್ದು ಬಂದ್ ಮಾಡಿದ್ರ ಆಕಿ ಮಾತು ನಿಂತುಬಿಡ್ತದ ಅನಿಸಿತು, ಏಳಲಿಲ್ಲ. ಆಮ್ಯಾಲ ಅಳಿಸಿದ್ರಾತು ಅಂದುಕೊಂಡೆ.

ಅಳಿಸಲಿಲ್ಲ. ಮರುದಿನ ಶನಿವಾರ ನಾವಿಬ್ಬರೂ ಕರಜಗಿಗೆ ಹೊರಟಿದ್ದಿವಿ. ಲಗ್ನಕ್ಕ ಬಡಿದ ಮೊದಲ ರೊಟ್ಟಿ ಬಟ್ಟಿಯಾಗ ಕಟ್ಟಿ ಬೀಗರ ಮನಿಗೆ ಬುತ್ತಿ ಒಯ್ಯೋದು ನಮ್ಮ ಪದ್ಧತಿ. ಅವತ್ತೇ ಸಾಹೇಬರಿಗೆ ಲೇಖನ ಮುಟ್ಟಬೇಕಾಗಿತ್ತು. ಹಿಂದಿನ ವಾರವೇ ಪೂರಾ ಮಾಡಿ ಇಟ್ಟಿದ್ದ ಒಂದು ರೆಕಾರ್ಡಿಂಗ್ ಇತ್ತು. ಆಳಂದ ಬಸ್‌ಸ್ಟ್ಯಾಂಡಿನಾಗ ಕಲಬುರಗಿ ಬಸ್ಸು ಬಂದು ನಿಂತು, ಮಂದಿ ಕಿಟಕಿಯಾಗಿಂದ ಟವೆಲ್ ಒಗದು ಸೀಟು ಹಿಡಿಯಾಕತ್ತಿದ್ದರು. ಅಕ್ಕ ಒಳಗಿಂದ ಬಾರಲೇ ಬೇಗ ಅಂತ ಕರಿಯಾಕತ್ತಿದ್ದಳು. ಇದ್ದ ಒಂದು ಗಳಿಗಿ ಹಾಳು ಮಾಡಬಾರದಂತ ನಿಂತಲ್ಲೇ ಫೋನ್ ತಗದು ಎಲ್ಲಕ್ಕಿಂತ ಮ್ಯಾಲಿದ್ದುದನ್ನ ಒತ್ತಿ ಕಳಿಸಿ, ಬಸ್ ಹತ್ತಿದೆ. ಮ್ಯಾಲಿದ್ದುದು ಹಿಂದಿನ ದಿನದ್ದು.

ಕಲಬುರಗಿಯಾಗ ಬಸ್ ಬದಲಿ ಮಾಡಿ ಅಫಜಲಪುರದ ದಾರಿ ಹಿಡಿದಿವಿ. ಚೌಡಾಪುರದಾಗ ಬಸ್ಸು ನಿಂತು ಡ್ರೈವರ್ ಚಹಾಕ್ಕ ಇಳಿದ. ಆಗ ಫೋನು ಬಂತು, ಸಾಹೇಬರದು. ಅವರ ದನಿಯಾಗ ಅಂಥಾ ಖುಷಿ ನಾ ಕೇಳಿದ್ದೇ ಇಲ್ಲ. ಮೇಡಂ, ಇಷ್ಟು ದಿನ ನೀವು ಬರದದ್ದು ಬರದದ್ದೇ ಅಲ್ಲ, ಇದು ನೋಡ್ರಿ ಬರಹ ಅಂದರು. ಆ ಎಡಗೈ, ಆ ಹಂಚು, ಪೇಪರ್ ಓದೋ ಗಂಡ, ಓದಿದವರ ಕರುಳು ಕಿವುಚತದ ಅಂದರು.

ನನಗ ಒಂದು ಕ್ಷಣ ಏನೂ ತಿಳಿಲಿಲ್ಲ. ತಿಳಿದ ಮ್ಯಾಲ ಅಕ್ಕನ ಕಡೆ ಹೊಳ್ಳಿ ನೋಡಿದೆ. ಬಾಜೂಕ ಅಕ್ಕ ತೊಡಿಮ್ಯಾಲ ಬುತ್ತಿ ಗಂಟು ಇಟಗೊಂಡು, ರೊಟ್ಟಿ ಮುರದೀತು ಅಂತ ಎರಡೂ ಕೈಲೆ ಹಿಡಕೊಂಡು ಕುಂತಿದ್ದಳು. ನೀರು ತರ್ತೇನಿ ಅಂತ ಸುಳ್ಳು ಹೇಳಿ ಕೆಳಗಿಳಿದೆ. ಸಾಹೇಬರ, ಅದು ತಪ್ಪಿ ಬಂದದ, ತಗೀರಿ ಅಂದೆ. ಅವರು ನಕ್ಕರು. ಹೆಸರೇ ಇಲ್ಲಲ್ಲ ಮೇಡಂ, ಊರ ಹೆಸರೂ ತಗದು ಒಂದೂರು ಅಂತ ಮಾಡೇವಿ, ಯಾರಿಗೆ ಗೊತ್ತಾಗ್ತದ ಅಂದರು.

ಯಾರಿಗೆ ಗೊತ್ತಾಗ್ತದ? ಹೆಸರಿಲ್ಲದ ರೊಟ್ಟಿ ರಾಶಿಯಾಗಿಂದ ಖಾಲಾ ನಂದನ್ನ ಹೆಕ್ಕಿ ಎತ್ತತಿದ್ದಳು. ಜೇವರ್ಗಿಯ ಆ ಯಜಮಾನ ನಾಳೆ ಮುಂಜಾನೆ ಓದೋದು ತನ್ನದೇ ಒಲಿ, ತನ್ನದೇ ಹಂಚು, ತಾನೇ ಸುಟ್ಟ ಕೈ. ನಾ ಬೇಡಿಕೊಂಡೆ. ಸಾಹೇಬರ ದನಿ ಬದಲಾತು. ಪುಟ ಕಟ್ಟಿ ಆಗ್ಯಾದ, ಸಂಜಿಗೆ ಪ್ರೆಸ್ಸಿಗೆ ಹೋಗ್ತದ, ಆ ಜಾಗಕ್ಕ ನನ್ನಲ್ಲಿ ಬ್ಯಾರೆ ಏನೂ ಇಲ್ಲ. ಇದು ಬಂದ್ರ ವಾರದ ಜಾಗಾ ನಿಮಗ. ಇದನ್ನ ತಗಸಿದ್ರ ಮುಂದ ನನಗ ಏನೂ ಕಳಿಸಬ್ಯಾಡ್ರಿ. ವಿಚಾರ ಮಾಡ್ರಿ ಅಂದರು. ಅಷ್ಟರಾಗ ಲೈನ್ ಕಟ್ಟಾತು. ಡ್ರೈವರ್ ಹಾರ್ನ್ ಹೊಡಿಯಾಕತ್ತಿದ.

ಹತ್ತಿ ಕುಂತೆ. ಬಸ್ಸು ಹೊಂಟಿತು. ಹೇಳಲೋ ಬ್ಯಾಡೋ ಅಂತ ನನ್ನೊಳಗ ಏನೂ ಜಗಳ ಆಗಲಿಲ್ಲ, ಅಂಜಿಕಿ ಅಷ್ಟಿತ್ತು. ಎಲ್ಲಾ ಹೇಳಿದೆ. ಗೂಡಿನಾಗಿನ ಫೋನು, ಎದ್ದು ಬಂದ್ ಮಾಡದೇ ಇದ್ದದ್ದು, ಬಸ್‌ಸ್ಟ್ಯಾಂಡಿನಾಗ ಒತ್ತಿದ್ದು, ಒಂದನ್ನೂ ಬಿಡಲಿಲ್ಲ. ಬೈತಾಳ, ಹೊಡೀತಾಳ ಅಂದುಕೊಂಡಿದ್ದೆ. ಬೈದಿದ್ರ ಛಲೋ ಇತ್ತು. ಆಕಿ ಮುಂದಿನ ಸೀಟಿನ ಕಂಬಿ ನೋಡಿಕೋತ ಕುಂತಳು.

"ಎಡಗೈ ಮಾತೂ ಅದರಾಗ ಅದ ಏನು?" ಅಂದಳು.

ಅದ ಅಂದೆ.

"ಅವ ಅದನ್ನ ಆಕಿ ಮುಂದೇ ಓದತಾನ," ಅಂದಳು. "ಆಕಿ ಕಪ್ಪು ಹಿಡಕೊಂಡು ನಿಂತಿರ್ತಾಳ."

ಆಮ್ಯಾಲ ಕರಜಗಿ ಬರೋತನಕ ನಾ ಸಾಹೇಬರ ನಂಬರ್ ಒತ್ತಿದ್ದೇ ಒತ್ತಿದ್ದು. ಒಮ್ಮೆ ಸಿಗ್ನಲ್ ಇಲ್ಲ, ಒಮ್ಮೆ ಅವರು ಎತ್ತೂದಿಲ್ಲ. ಹೊರಗ ಕಬ್ಬಿನ ಗಾಡಿಗಳು ಸಾಲಾಗಿ ಹೊಂಟಿದ್ದವು, ನಮ್ಮ ಬಸ್ಸು ಅವುಗಳ ಹಿಂದ ತೆವಳಿಕೋತ ಹೋತು. ಹೊತ್ತು ಹಾಳಾಗಬಾರದು ಅಂತ ಬಡಕೊಳ್ಳೋ ನಾನು, ಹೊತ್ತು ಅಂದ್ರೇನು ಅನ್ನೋದನ್ನ ಅವತ್ತು ಕಂಡೆ.

ಬೀಗರ ಮನ್ಯಾಗ ಬರ್ರಿ ಬರ್ರಿ ಅಂತ ಕಾಲಿಗೆ ನೀರು ಕೊಟ್ಟರು. ಹುಡುಗನ ತಾಯಿ, ನಮ್ಮ ಬೀಗತಿ, ಬುತ್ತಿ ಗಂಟು ತೊಗೊಂಡು ದೇವರ ಮುಂದ ಇಟ್ಟಳು. ಬಾಳ ಮಾತಿನ ಹೆಣ್ಣುಮಗಳಲ್ಲ, ಖರೇ ಕಣ್ಣು ಚುರುಕು. ನಾ ಎಲ್ಲಿ ಸಿಗ್ನಲ್ ಬರ್ತದ ಅಂತ ಕೇಳಿದ್ರ ಹಿತ್ತಲದ ಬೇವಿನ ಗಿಡದ ಕೆಳಗ ಅಂತ ತೋರಿಸಿದಳು. ನಾ ಎದ್ದೆ. ಅಕ್ಕ ನನ್ನ ಕೈಯಾಗಿನ ಫೋನ್ ಕಸಗೊಂಡು ತಾನೇ ನಡದಳು.

ಸಾಹೇಬರು ಈ ಸರತಿ ಎತ್ತಿದರು. ಅದರಾಗ ಮಾತಾಡಿದಾಕಿ ನಾನೇ ಅಂತ ಅಕ್ಕ ಮೊದಲು ಹೇಳಿದಳು, ರೆಕಾರ್ಡಿಂಗಿನಾಗಿನ ದನಿ ನಂದು ಅಂತ. ಅವರು ಹೆಸರಿಲ್ಲ, ಊರಿಲ್ಲ ಅಂತ ಮತ್ತ ಅದನ್ನೇ ಹೇಳಿರಬೇಕು. ಅಕ್ಕ ಕೇಳಿಸಿಕೊಂಡಳು. ಆಕಿ ದನಿ ಏರಲಿಲ್ಲ.

"ನಿಮ್ಮ ಪೇಪರ್ ಆ ಮನಿಗೆ ದಿನಾ ಬರ್ತದ್ರಿ," ಅಂದಳು. "ಹಾಕೋದಿದ್ರ ಹಾಕ್ರಿ. ಆದ್ರ ನಾಳೆ ಆಕಿಗೆ ಏನರೆ ಆತಂದ್ರ ನಾ ನಿಮ್ಮ ಆಫೀಸಿನ ಮೆಟ್ಟಲಕ್ಕ ಬಂದು ಕೂಡ್ತೇನಿ. ಆಗ ಎಲ್ಲಾ ಹೆಸರೂ ಹೇಳ್ತೇನಿ. ಆಕಿದು, ಆಕಿ ಗಂಡಂದು, ನಂದು, ನಿಮ್ಮದು."

ಆ ಕಡೆಯಿಂದ ಏನು ಬಂತೋ, ಆಕಿ ಫೋನ್ ಇಳಿಸಿದಳು. ಇಟ್ಟುಬಿಟ್ರು ಅಂದಳು. ಹೂಂ ಅಂದ್ರೋ ಊಂಹೂಂ ಅಂದ್ರೋ ಅಂತ ಕೇಳಿದೆ. ಏನೂ ಅನ್ನಲಿಲ್ಲ ಅಂದಳು. ಹೊಳ್ಳಿ ನೋಡಿದ್ರ ಬಚ್ಚಲ ಬಾಜೂಕ ಬೀಗತಿ ತಂಬಿಗಿ ಹಿಡಕೊಂಡು ನಿಂತಿದ್ದಳು. ಎಷ್ಟೊತ್ತಿನಿಂದ ನಿಂತಿದ್ದಳೋ. ಅಕ್ಕನ ಮುಖ ಬಿಳಚಿತು. ಒಬ್ಬಾಕಿನ್ನ ಉಳಿಸಾಕ ಹೋಗಿ ಮಗಳ ಸಂಬಂಧಾನೇ ಆಕಿ ಬೇವಿನ ಗಿಡದ ಕೆಳಗ ಇಟ್ಟುಬಿಟ್ಟಿದ್ದಳು. ಮುರಿದ ಸಂಬಂಧದ ಹುಡುಗಿ, ಅದನ್ನ ಮುಚ್ಚಿಟ್ಟ ಮನಿ. ಇಷ್ಟು ಸಾಕು ಬ್ಯಾಡ ಅನ್ನಾಕ.

ಬೀಗತಿ ಊಟಕ್ಕ ಹಾಕಿದಳು. 'ಇನ್ನೊಂದು ರೊಟ್ಟಿ?' ಅಂತ ಒಂದು ಮಾತು ಬಿಟ್ರ ಇನ್ನೊಂದು ಮಾತಿಲ್ಲ. ಅಕ್ಕನ ಕಣ್ಣು ದೇವರ ಮುಂದಿನ ಬುತ್ತಿ ಗಂಟಿನ ಮ್ಯಾಲೇ ಇತ್ತು. ಅದು ಯಾಕಂತ ನನಗೂ ಗೊತ್ತಿತ್ತು. ಬುತ್ತಿ ಕಟ್ಟಿ ತಂದ ಬಟ್ಟಿ ಖಾಲಿ ತಿರುಗಿ ಕೊಡಬಾರದು, ಒಂದು ಮುಷ್ಟಿ ಅಕ್ಕಿಯಾದ್ರೂ ಕಟ್ಟಿ ಕಳಿಸಬೇಕು. ಖಾಲಿ ಬಟ್ಟಿ ಕೈಗೆ ಬಂತಂದ್ರ ಇನ್ನ ಬರಬ್ಯಾಡ್ರಿ ಅಂದಂಗ. ಅದನ್ನ ಬಾಯಿಬಿಟ್ಟು ಯಾರೂ ಹೇಳೂದಿಲ್ಲ.

ಹೊರಡೋ ಹೊತ್ತಾತು. ಹೊಸ್ತಿಲ ಬಲ್ಲಿ ಚಪ್ಪಲಿ ಹಾಕ್ಕೊಂಡು ನಿಂತಿವಿ. ಬೀಗತಿ ಒಳಗಿಂದ ಬಂದಳು. ಬಟ್ಟಿ ಮಡಚಿ ಕೈಯಾಗ ಹಿಡಿದಿದ್ದಳು, ಚಪ್ಪಟಿ ಮಡಚಿದ್ದು, ಒಳಗ ಏನೂ ಇರಲಿಲ್ಲ. ಅಕ್ಕ ಸುಮ್ಮ ಕೈ ಚಾಚಿದಳು.

ಬೀಗತಿ ಬಟ್ಟಿ ಕೊಡಲಿಲ್ಲ. ಅಲ್ಲೇ ಹೊಸ್ತಿಲ ಮುಂದ ಕುಂತು ಅದನ್ನ ನೆಲಕ್ಕ ಹಾಸಿ, ಒಳಗಿನವರನ್ನ ಕರದು ಬೆಲ್ಲ ತರಿಸಿದಳು. ಹೊಸ ಬೆಲ್ಲದ ದೊಡ್ಡ ಪೆಂಟಿ ನಡುವ ಇಟ್ಟು ನಾಕೂ ಮೂಲಿ ಕೂಡಿಸಿ ಗಂಟು ಕಟ್ಟಿದಳು. ಗಂಟು ಕಟಗೋತ, ಗಿಡದ ಕೆಳಗ ಕೇಳಿದ್ದು ನಮ್ಮ ಮನಿ ಗಂಡಸರ ಕಿವಿಗೆ ಬೀಳೂದಿಲ್ಲ ಅಂದಳು. ಇಂಥಾ ತಾಯಿಯ ಮಗಳೇ ನಮ್ಮ ಮನಿಗೆ ಬರ್ಲಿ ಅಂದಳು. ಅಕ್ಕ ಆ ಗಂಟು ಎದಿಗೆ ಅವಚಿಕೊಂಡು ಬಸ್ಸಿನ ತನಕ ಅತಗೋತ ಬಂದಳು.

ಅದು ಒಂದು ಗಂಟು ಬಿಚ್ಚಿತು, ಇನ್ನೊಂದು ಹಂಗೇ ಇತ್ತು. ಸಾಹೇಬರು ಆಮ್ಯಾಲ ಫೋನ್ ಎತ್ತಲೇ ಇಲ್ಲ. ರವಿವಾರ ಹೊತ್ತು ಮೂಡೋ ಮೊದಲೇ ನಾ ಬಸ್‌ಸ್ಟ್ಯಾಂಡಿಗೆ ಹೋದೆ. ಪೇಪರಿನ ಕಟ್ಟು ಆಗ ಇಳಿಸಿದ್ದರು. ಜೇವರ್ಗಿಗೂ ಇದೇ ಹೊತ್ತಿಗೆ ಇಳದಿರ್ತದ ಅಂತ ನೆನಪಾತು. ಪುರವಣಿ ತಗದೆ. ಬೆರಳಿಗೆ ಪುಟ ಹತ್ತವಲ್ಲದು. ನಡುವಿನ ಪುಟದಾಗ ನನ್ನ ಜಾಗಾ ಇತ್ತು, ನನ್ನ ಲೇಖನ ಇರಲಿಲ್ಲ. ಅಲ್ಲಿ ಯಾರೋ ಬರದಿದ್ದರು: ಬಿಡುವಿನ ವೇಳೆಯನ್ನು ಸದುಪಯೋಗಪಡಿಸಿಕೊಳ್ಳುವುದು ಹೇಗೆ? ಒಂದು ಕ್ಷಣವನ್ನೂ ವ್ಯರ್ಥ ಮಾಡಬೇಡಿ ಅಂತ ದಪ್ಪ ಅಕ್ಷರದಾಗ ಇತ್ತು. ನಾ ಅಲ್ಲೇ ಚಹಾದ ಅಂಗಡಿ ಬೆಂಚಿನ ಮ್ಯಾಲ ಕುಂತು ನಕ್ಕೆ, ನಕ್ಕೋತನೇ ಅತ್ತೆ. ಚಹಾದವ ಪಾಪ, ಏನಾತ್ರಿ ಅಕ್ಕಾರ ಅಂತ ನೀರು ತಂದು ಕೊಟ್ಟ.

ಮನಿ ಬಾಗಲದಾಗ ಅಕ್ಕ ನಿಂತಿದ್ದಳು. ಪುಟ ತಗದು ತೋರಿಸಿದೆ. ಪೂರಾ ಓದಿದಳು, ಮ್ಯಾಲಿಂದ ಕೆಳಗಿನತನಕ, ಹಿಂದಿನ ಪುಟಾನೂ ನೋಡಿದಳು. ಓದಿ ಮಡಚಿ ನನ್ನ ಕೈಗೆ ಕೊಟ್ಟು, ಒಲಿಗೆ ಉರಿ ಹಚ್ಚಾಕ ಹೋದಳು.

ಲಗ್ನ ಸುಸೂತ್ರ ಆತು. ಹುಡುಗಿ ಕರಜಗಿಯಾಗ ಛಲೋ ಅದಾಳ. ವಾರದ ಜಾಗಾ ಬ್ಯಾರೆಯವರಿಗೆ ಹೋತು, ಅದರ ಸಂಕಟ ನನಗ ಇವತ್ತಿಗೂ ಅದ, ಇಲ್ಲ ಅಂದ್ರ ಸುಳ್ಳಾಗ್ತದ. ಅದಕ್ಕಿಂತ ದೊಡ್ಡ ಸಂಕಟ ಹಲಗಿ ಮುಂದ ಇತ್ತು. ಅಕ್ಕ ನನ್ನ ಜೋಡಿ ಮಾತು ಬಿಡಲಿಲ್ಲ. ಉಪ್ಪು ಕೊಡು, ನೀರು ಬಂತು ನೋಡು, ಖಾಲಾ ಕರೀತಾಳ, ಇಂಥಾವೆಲ್ಲ ಇದ್ದವು. ಕೈಗೆ ಹಿಟ್ಟು ಹತ್ತಿದ ಮ್ಯಾಲ ಆಡೋ ಮಾತು ಇರ್ತಾವಲ್ಲ, ಅವು ನಿಂತವು. ನಾ ಫೋನ್ ನಡುಮನಿ ಕಪಾಟಿನಾಗ ಇಟ್ಟು ಬಂದು, ಆಕಿಗೆ ಕಾಣೋ ಹಂಗ ಖಾಲಿ ಕೈ ಆಡಿಸಿ ಕೂಡ್ತಿದ್ದೆ. ಆಕಿ ನೋಡಿ ತನ್ನ ಹಲಗಿಮ್ಯಾಲ ಬಗ್ಗತಿದ್ದಳು. ಜೇವರ್ಗಿಯ ಆ ಹೆಣ್ಣುಮಗಳು ಹ್ಯಾಂಗ ಅದಾಳ ಅಂತ ಕೇಳೋ ಧೈರ್ಯ ನನಗಿರಲಿಲ್ಲ, ತಿಳಕೊಳ್ಳೋ ದಾರಿ ಆಕಿಗಿರಲಿಲ್ಲ. ಹಿಂಗೇ ವರ್ಷಗಳು ಹೋದವು.

ಹೋದ ಮಳಿಗಾಲದಾಗ ಜೇವರ್ಗಿಯ ಆ ಯಜಮಾನ ತೀರಿಕೊಂಡ ಸುದ್ದಿ ಯಾರ ಬಾಯಿಂದಲೋ ಬಂತು. ಅವತ್ತು ರಾತ್ರಿ ಉಂಡಾದ ಮ್ಯಾಲ ಅಕ್ಕ ಭಾವನವರನ್ನ ಕುಂದ್ರಿಸಿಕೊಂಡು ಎಲ್ಲಾ ಹೇಳಿದಳು. ಅವರು, ನನಗ ಒಂದು ಮಾತು ಹೇಳಬೇಕಿತ್ತು ನೀ, ಅಂದು ಎದ್ದು ಹೋದರು.

ಈ ವರ್ಷ ಭೋಗಿ ದಿನ ಜೇವರ್ಗಿಯಿಂದ ಬಂದ ಬಸ್ಸಿನ ಕಂಡಕ್ಟರ್ ನನ್ನ ಗಂಡನ ಅಂಗಡಿಯಾಗ ಒಂದು ಗಂಟು ಕೊಟ್ಟು ಹೋದ. ಕೊಟ್ಟವರ ಹೆಸರಿಲ್ಲ, ಚೀಟಿಯಿಲ್ಲ, ಇಂಥಾ ಮನಿಗೆ ಮುಟ್ಟಿಸ್ರಿ ಅಂದರಂತ ಅಷ್ಟೇ. ಅಕ್ಕ ಹಿತ್ತಲದಾಗ ಕುಂತು ಬಿಚ್ಚಿದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಒಂದು ಎತ್ತಿ ಬಿಸಿಲಿಗೆ ಹಿಡಿದು ಅಂಚು ನೋಡಿದಳು. ನಾನೂ ಬಗ್ಗಿ ನೋಡಿದೆ. ಬೆರಳಿನ ಗುರುತು ಸಾಲಾಗಿ ಎಡಕ್ಕ ವಾಲಿದ್ದವು.

ಅಕ್ಕ ಅದನ್ನ ಎದಿಗೆ ಒತ್ತಿಕೊಂಡು, ಅದಾಳ, ಅದಾಳ ಅಂತ ಅಂದುಕೋತ ಕುಂತಳು. ಆಮ್ಯಾಲ ಅದನ್ನ ಮುರದು ಅರ್ಧ ನನ್ನ ಕೈಗೆ ಕೊಟ್ಟಳು. ತಿಂದಿವಿ. ಬಟ್ಟಿ ನೆಲದ ಮ್ಯಾಲ ಖಾಲಿ ಬಿದ್ದಿತ್ತು. ಅಕ್ಕ ಹಿಟ್ಟಿನ ಡಬ್ಬಿ ತಂದು ಇಟ್ಟಳು, ಹಲಗಿ ಎಳಕೊಂಡಳು, ಇನ್ನೊಂದು ಹಲಗಿ ನನ್ನ ಮುಂದ ನೂಕಿದಳು.

"ನೀನೂ ಎರಡು ಬಡಿ," ಅಂದಳು. "ಆಕಿ ಗುಟ್ಟು ಯಾರ್ಯಾರಿಗೆ ಗೊತ್ತದ ಅಂತ ಆಕಿಗೆ ತಿಳೀಬೇಕು."

ನಾ ಎರಡು ಬಡಿದೆ. ಎರಡೂ ಅಂಚಿಗೆ ಸೀಳಿದವು. ಅಕ್ಕ ಅವನ್ನ ಮ್ಯಾಲಕ್ಕ ಇಟ್ಟು ಗಂಟು ಕಟ್ಟಿದಳು.